ಒಲೆ ಹಚ್ಚದ ಎಂಟು ದಿನ

ನಮ್ಮ ಮನೆಯಲ್ಲಿ ಯಾರಾದರೂ ನಾಲ್ಕು ದಿನ ಸುಮ್ಮನೆ ಕೂರೋಣ ಅಂತ ತೀರ್ಮಾನ ಮಾಡಿದರೆ ಸಾಕು, ಎಲ್ಲೆಲ್ಲೋ ಇದ್ದವರಿಗೆಲ್ಲ ಆ ನಾಲ್ಕು ದಿನವೇ ನಮ್ಮ ನೆನಪಾಗುತ್ತದೆ. ಈಗ ನಿವೃತ್ತನಾಗಿ ದಿನವೂ ಸುಮ್ಮನೆ ಕೂತಿರುತ್ತೇನೆ, ಒಬ್ಬರೂ ಬರುವುದಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯಲು ಪುರುಸೊತ್ತಾಗಿದೆ.

ಇದು ಐವತ್ತರ ದಶಕದ ಮಾತು. ಧರ್ಮಪುರಿ ಆಗ ಬೇರೆ ಜಿಲ್ಲೆಯಲ್ಲ, ಎಲ್ಲಾ ಸೇಲಂ ಜಿಲ್ಲೆಯೇ. ನಾನು ಅಲ್ಲೇ ಹತ್ತಿರದ ಪಾಲಕೋಡಿನ ದನದಾಸ್ಪತ್ರೆಯಲ್ಲಿ ಡಾಕ್ಟರು. ಬೋರ್ಡಿನಲ್ಲಿ ದನ ಅಂತ ಇದ್ದರೂ ಬರುತ್ತಿದ್ದವು ಹೆಚ್ಚಾಗಿ ಕುರಿ. ಕುರಿಯ ಹೊಟ್ಟೆಯಲ್ಲಿ ಹುಳ ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಬೇಕು. ಒಳಗೆ ಕೆಂಪಗಿದ್ದರೆ ಸರಿ, ಬೆಳ್ಳಗಿದ್ದರೆ ಹುಳ. ನಾನು ಆ ಸೀಮೆಯ ಕುರಿಯವರಿಗೆಲ್ಲ ಕಲಿಸಿಕೊಟ್ಟ ವಿದ್ಯೆ ಇದೊಂದೇ. ಅವರು ಚೆನ್ನಾಗಿಯೇ ಕಲಿತರು.

ಷರತ್ತು

ಅರ್ಧ ವರ್ಷದ ಪರೀಕ್ಷೆ ಮುಗಿದು ಮಕ್ಕಳಿಗೆ ಡಿಸೆಂಬರ್ ರಜ ಬಂದಿತ್ತು. ಮಗನಿಗೆ ಹದಿನಾರು, ಮಗಳಿಗೆ ಹದಿನಾಲ್ಕು. ಇಬ್ಬರೂ ಮನೆಯಲ್ಲೂ ತಮಿಳಿನಲ್ಲೇ ಜಗಳವಾಡುವ ವಯಸ್ಸು. ಸೇಲಂ ನೋಡಬೇಕು ಅಂತ ಹಟ ಹಿಡಿದರು. ನಾನು ಹೆಂಡತಿಯನ್ನು ಕೇಳಿದೆ.

"ಬರ್ತೀನಿ," ಅಂದಳು. "ಆದ್ರೆ ಮದುವೆ ಆಗಿ ಹದಿನೆಂಟು ವರ್ಷ ಆಯ್ತು, ಒಂದು ದಿನ ಒಲೆ ಹಚ್ಚದೆ ಕೂತಿಲ್ಲ. ಈ ಎಂಟು ದಿನ ನಾನು ಒಲೆ ಹಚ್ಚಲ್ಲ, ಊದುಗೊಳವೆ ಮುಟ್ಟಲ್ಲ. ಆಗತ್ತೆ ಅಂದ್ರೆ ಹೊರಡೋಣ."

"ಅದಕ್ಕೇನು, ನಿಮ್ಮಕ್ಕನ ಮನೇಲಿ ಇಳಕೊಂಡ್ರೆ ಆಯ್ತು," ಅಂದೆ.

ಅವಳು ನನ್ನನ್ನು ನೋಡಿದ ರೀತಿಯಲ್ಲಿ ನನ್ನ ತಪ್ಪು ನನಗೇ ಹೊಳೆಯಿತು. ಸೇಲಂನಲ್ಲಿ ನಮ್ಮ ನೆಂಟರ ಮನೆ ಏಳು. ಯಾವ ಮನೆಗೆ ಹೋದರೂ ಗಂಡಸಿಗೆ ಉಯ್ಯಾಲೆ, ಹೆಂಗಸಿಗೆ ಒಲೆ. ಬಂದವಳು ಕಾಲು ತೊಳೆದು, "ಏನಾದ್ರೂ ಹೆಚ್ಚಿಕೊಡ್ಲಾ ಅಕ್ಕಾ?" ಅಂತ ಒಂದು ಮಾತಿಗೆ ಕೇಳಿದರೆ ಮುಗಿಯಿತು, ಊರಿಗೆ ಹೊರಡುವ ದಿನವೇ ಅಡುಗೆಮನೆಯಿಂದ ಈಚೆಗೆ ಬರುವುದು.

ಉಳಿದದ್ದು ಲಾಡ್ಜು. ಆದರೆ ಒಡಹುಟ್ಟಿದ ಅಕ್ಕ ಊರಲ್ಲಿರುವಾಗ ಲಾಡ್ಜಿನಲ್ಲಿ ಇಳಿದರು ಅಂತಾದರೆ ಆ ಅಕ್ಕ ಮುಂದಿನ ಮೂರು ತಲೆಮಾರು ಮಾತು ಬಿಡುತ್ತಾಳೆ. ಹಾಗಾಗಿ ಗುಟ್ಟಾಗಿ ಹೋಗುವುದು ಅಂತ ಮನೆಮಂದಿಯೆಲ್ಲ ಸೇರಿ ನಿರ್ಧರಿಸಿದೆವು.

"ದೊಡ್ಡಮ್ಮ ಎದುರಿಗೇ ಬಂದ್ರೆ?" ಅಂದಳು ಮಗಳು.

"ಬೇರೆ ಯಾರೋ ಥರ ನಡಿ," ಅಂದಳು ಅವಳಮ್ಮ.

ಹೊರಡುವ ದಿನ ಟ್ರಂಕು ಎತ್ತಿದರೆ ಏಳುವುದಿಲ್ಲ. ಮುಚ್ಚಳ ತೆಗೆದು ನೋಡಿದೆ. ಸೀರೆಗಳ ಕೆಳಗೆ ಹುಳಿಪುಡಿ, ಸಾರಿನಪುಡಿ, ಹಪ್ಪಳ, ಒಂದು ಈಳಿಗೆಮಣೆ.

"ಒಲೆ ಹಚ್ಚಲ್ಲ ಅಂದ್ಯಲ್ಲೇ?"

"ಒಲೆ ಹಚ್ಚಲ್ಲ ಅಂದೆ. ಹುಳಿಪುಡಿ ತರಲ್ಲ ಅಂದ್ನಾ?"

ಬಂದ ಕಾರಣ

ತೊಪ್ಪೂರು ಘಾಟಿಯಲ್ಲಿ ಬಸ್ಸು ಎರಡು ಸಲ ನೀರು ಕುಡಿದು, ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಸೇಲಂಗೆ ಮುಟ್ಟಿಸಿತು. ನೆಂಟರು ಯಾರೂ ಇಲ್ಲದ ಬೀದಿಯಲ್ಲಿ ಒಂದು ಲಾಡ್ಜು ಹುಡುಕಿದೆ. ಮ್ಯಾನೇಜರು ದಪ್ಪ ರಿಜಿಸ್ಟರು ತೆಗೆದು ತಮಿಳಿನಲ್ಲಿ ಹೆಸರು, ಊರು, ಉದ್ಯೋಗ ಕೇಳಿ ಬರೆದುಕೊಂಡ. ಕೊನೆಯ ಕಾಲಂ ಹತ್ತಿರ ಪೆನ್ನು ನಿಲ್ಲಿಸಿದ.

"ಬಂದ ಕಾರಣ? ಕೋರ್ಟಾ, ಆಸ್ಪತ್ರೆಯಾ?"

"ಎರಡೂ ಅಲ್ಲ."

"ಹಾಗಾದ್ರೆ ಹೆಣ್ಣು ನೋಡೋಕೆ." ಮಗನನ್ನು ಮೇಲಿಂದ ಕೆಳಗೆ ನೋಡಿದ. ಹುಡುಗ ಕೆಂಪಗಾದ.

"ಇಲ್ಲ ಸಾರ್. ರೆಸ್ಟ್. ಸುಮ್ನೆ ರೆಸ್ಟ್ ತಗೊಳ್ಳೋಕೆ ಬಂದಿದೀವಿ."

ಅವನ ಮುಖ ಒಮ್ಮೆಲೇ ಮೆತ್ತಗಾಯಿತು. ದನಿ ತಗ್ಗಿಸಿ, "ಯಾವ ಡಾಕ್ಟರು ಹೇಳಿದ್ದು ಸಾರ್?" ಅಂದ.

ಯಾರೂ ಹೇಳಿಲ್ಲ, ನಾನೇ ಡಾಕ್ಟರು, ಅಂದೆ. ಅದರಿಂದ ವಿಷಯ ಇನ್ನಷ್ಟು ಕೆಟ್ಟಿತು. ಪಾಪ, ಡಾಕ್ಟರಿಗೇ ಹೀಗಾಗಿದೆ ಅಂತ ತಲೆಯಾಡಿಸಿ, ಕಾಲಂನಲ್ಲಿ 'ಆಸ್ಪತ್ರೆ' ಅಂತ ಬರೆದು, ಮೆಟ್ಟಿಲು ಕಡಿಮೆ ಇರಲಿ ಅಂತ ಮೊದಲನೇ ಮಹಡಿಯಲ್ಲೇ ಹತ್ತನೇ ನಂಬರು ರೂಮು ಕೊಟ್ಟ.

ಮಾರನೆಯ ಬೆಳಿಗ್ಗೆ ಮಾರ್ಗಳಿ, ಅಂದರೆ ಧನುರ್ಮಾಸದ, ಭಜನೆಯ ಮೈಕಿಗೆ ಎಚ್ಚರವಾಯಿತು. ಕೊರೆಯುವ ಚಳಿ. ಮಕ್ಕಳು ಎರಡು ಮೂಟೆ. ಹೆಂಡತಿ ಮಾತ್ರ ಇಲ್ಲ. ಹೊರಗೆ ಹೋಗಿ ನೋಡಿದರೆ ಲಾಡ್ಜಿನ ಉದ್ದ ವರಾಂಡವನ್ನು ಆ ತುದಿಯಿಂದ ಈ ತುದಿಗೆ ಗುಡಿಸಿ, ಬಾಗಿಲ ಮುಂದೆ ನೀರು ಚಿಮುಕಿಸಿ, ರಂಗೋಲಿಗೆ ಚುಕ್ಕಿ ಇಡುತ್ತಿದ್ದಾಳೆ. ಪಕ್ಕದಲ್ಲಿ ಲಾಡ್ಜಿನ ಗುಡಿಸುವ ಹೆಂಗಸು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ.

"ಅಯ್ಯಾ, ನಿಮ್ಮ ಮನೆಯಮ್ಮಂಗೆ ಸ್ವಲ್ಪ ಹೇಳಿ," ಅಂದಳು ನನಗೆ. "ರೆಸ್ಟ್ ತಗೊಳ್ಳೋಕೆ ಬಂದಿದ್ದು ಅವರು. ತಗೊಳ್ತಾ ಇರೋದು ನಾನು."

ಪರದೆಯ ಆಚೆ

ಮೂರನೆಯ ದಿನ ಏಕಾದಶಿ. ನಮ್ಮವರೆಲ್ಲ ಉಪವಾಸ, ಯಾರೂ ಹೋಟೆಲಿನ ಕಡೆ ಸುಳಿಯುವುದಿಲ್ಲ. ನಾನು ಧೈರ್ಯವಾಗಿ ಸಂಸಾರವನ್ನು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆ. ಉಪವಾಸ ನಮಗೂ ಇತ್ತು. ಆದರೆ ಹೆಂಡತಿ, "ಒಲೆಗೂ ರಜ, ವ್ರತಕ್ಕೂ ರಜ. ದೇವರಿಗೆ ನಾನು ಹೇಳ್ಕೋತೀನಿ," ಅಂದಿದ್ದಳು.

ಒಳಗಡೆ ಫ್ಯಾಮಿಲಿ ರೂಮು ಅಂತ ಮರದ ತಡಿಕೆ ಕಟ್ಟಿ, ಪರದೆ ಇಳಿಬಿಟ್ಟ ಪುಟ್ಟ ಪುಟ್ಟ ಗೂಡುಗಳು. ನಾವು ಒಂದರೊಳಗೆ ಕೂತು ಮಸಾಲೆ ದೋಸೆ ಹೇಳಿದೆವು. ಪಕ್ಕದ ಗೂಡಿನಿಂದ ಗಟ್ಟಿಯಾಗಿ ಕೇಳಿಸಿತು: "ಏಯ್, ಇನ್ನೂ ಎರಡು ವಡೆ. ಚಟ್ನಿ ಜಾಸ್ತಿ."

ಮಗಳು ನನ್ನ ತೋಳು ಹಿಡಿದಳು. "ಅಪ್ಪಾ, ದೊಡ್ಡಪ್ಪ!"

ನಮ್ಮಣ್ಣ! ಸೇಲಂನ ಆ ಏಳು ಮನೆಯಲ್ಲಿ ಒಂದು ಅವನದೇ. ಏಕಾದಶಿಯ ದಿನ ಎಂಜಲು ನುಂಗಿದರೂ ವ್ರತಭಂಗ ಅಂತ ನಮಗೆಲ್ಲ ಪಾಠ ಹೇಳಿದವನು. ನಾವು ಉಸಿರು ಬಿಗಿಹಿಡಿದು ಕೂತೆವು. ಮಗನಿಗೆ ಆ ಹೊತ್ತಿಗೇ ಮೆಣಸಿನಕಾಯಿ ನೆತ್ತಿಗೆ ಹತ್ತಬೇಕೆ? ಕೆಮ್ಮಿದ ಅಂದರೆ ಕೆಮ್ಮಿದ, ತಡಿಕೆಯೆಲ್ಲ ಅದುರಿತು.

ಪರದೆ ಸರಿಯಿತು. ಅಣ್ಣನ ಮುಖ ಕಾಣಿಸಿತು, ಮೀಸೆಯ ಮೇಲೆ ಚಟ್ನಿ. ಅವನು ನಮ್ಮ ಎಲೆ ನೋಡಿದ. ನಾನು ಅವನ ಮೀಸೆ ನೋಡಿದೆ.

"ಯಾವಾಗ ಬಂದ್ರಿ?" ಅಂದ ಕೊನೆಗೆ.

"ನಾವು ಬಂದಿಲ್ಲ," ಅಂದಳು ನನ್ನ ಹೆಂಡತಿ. "ನೀವು ಉಪವಾಸ ಅಲ್ವಾ ಭಾವ?"

ಅಣ್ಣ ಮೀಸೆ ಒರೆಸಿಕೊಂಡ. "ನಿರ್ಜಲ," ಅಂದು ಪರದೆ ಎಳೆದುಕೊಂಡ.

ಯಾಳಿಯ ವಯಸ್ಸು

ಮಾರನೆಯ ದಿನ ಬಸ್ಸಿನಲ್ಲಿ ತಾರಮಂಗಲಂಗೆ ಹೋದೆವು. ಮಗನಿಗೆ ಸಿನಿಮಾ ಬೇಕಿತ್ತು, ದೇವಸ್ಥಾನ ಬೇಡ. ಬಸ್ಸಿನಲ್ಲಿ ನಮ್ಮಿಂದ ಆರು ಸೀಟು ದೂರ ಕೂತ. ಆ ವಯಸ್ಸಿಗೆ ಅಪ್ಪ ಅಮ್ಮ ಇದ್ದಾರೆ ಅಂತ ಲೋಕಕ್ಕೆ ಗೊತ್ತಾಗುವುದೇ ಅವಮಾನ.

ಅಲ್ಲಿ ಕಂಬದಲ್ಲಿ ಕೆತ್ತಿದ ಯಾಳಿಯ, ಅಂದರೆ ಸಿಂಹದ ಮುಖದ ಕಲ್ಲಿನ ಮೃಗದ, ಬಾಯೊಳಗೆ ಒಂದು ಕಲ್ಲುಗುಂಡು ಇದೆ. ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ. ಮಕ್ಕಳಿಬ್ಬರೂ ಸರದಿಯ ಮೇಲೆ ಬೆರಳು ಹಾಕಿ ಉರುಳಿಸಿದರು. ನನ್ನ ಸರದಿ ಬಂತು. ಇಪ್ಪತ್ತು ವರ್ಷ ದಿನಕ್ಕೆ ಮೂವತ್ತು ಬಾಯಿಗೆ ಕೈ ಹಾಕಿದವನು ನಾನು. ಗುಂಡಿನ ಗ್ಯಾನವೇ ಇಲ್ಲದೆ ಎಡಗೈಯಲ್ಲಿ ಅದರ ದವಡೆ ಹಿಡಿದು, ಬಲಗೈಯಲ್ಲಿ ಹಲ್ಲು ಸವರಿ, "ಆರು ಹಲ್ಲು ಬಂದಿದೆ. ವಯಸ್ಸು ಮೂರರ ಮೇಲೆ," ಅಂದುಬಿಟ್ಟೆ.

ಸುತ್ತ ಇದ್ದವರು ತಿರುಗಿ ನೋಡಿದರು. "ಅಪ್ಪಾ, ಎಲ್ಲಾರುಂ ಪಾಕ್ಕರಾಂಗ," ಎಲ್ಲರೂ ನೋಡ್ತಿದಾರೆ ಅಂತ ಮಗಳು ಅಮ್ಮನ ಸೆರಗು ಹಿಡಿದು ಹಿಂದೆ ಅಡಗಿದಳು.

"ಸಾಮೀ! ಡಾಕ್ಟ್ರು ಸಾಮೀ!" ಅಂತ ಕೂಗು ಬಂತು. ಹೆಗಲ ತುಂಬ ಕಂಬಳಿ ಹೊತ್ತ ಮುದುಕ. ಪಾಲಕೋಡಿನ ಹತ್ತಿರದ ಹಳ್ಳಿಯವನು, ಕುರಿ ಸಾಕಿ ಕಂಬಳಿ ನೇಯಿಸಿ ಚಳಿಗಾಲದಲ್ಲಿ ಸೇಲಂ ಬೀದಿಗಳಲ್ಲಿ ಮಾರುವವನು. ನಮ್ಮ ಮಕ್ಕಳಿಗೆ ಕಂಬಳಿ ತಾತ.

"ಏನ್ ಸಾಮಿ, ಮಕ್ಳು ಮರೀನೆಲ್ಲ ಕರ್ಕೊಂಡು ಇಷ್ಟ್ ದೂರ? ಯಾರ್ಗೆ ಉಸಾರಿಲ್ಲ?"

"ಎಲ್ಲಾ ಚೆನ್ನಾಗಿದೀವಪ್ಪ. ಸುಮ್ನೆ ಲಾಡ್ಜಲ್ಲಿ ಇದ್ದು ರೆಸ್ಟ್ ತಗೊಳ್ತಾ ಇದೀವಿ."

"ಲಾಡ್ಜಲ್ಲಾ!" ಮುದುಕ ಕಂಬಳಿ ಮೂಟೆ ಕೆಳಗಿಳಿಸಿದ. "ಸೇಲತ್ನಾಗೆ ಅಷ್ಟ್ ಜನ ನೆಂಟ್ರು ಇಟ್ಕೊಂಡು ಲಾಡ್ಜಲ್ಲಿ ಅವ್ರೆ ಅಂದ್ರೆ ಏನೋ ದೊಡ್ಡದೇ ಐತೆ. ಮುಚ್ಚಿಡ್ಬ್ಯಾಡಿ ಸಾಮಿ."

ನಾನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ನನ್ನ ಕಣ್ಣನ್ನೇ ದಿಟ್ಟಿಸಿ ನೋಡಿದ. ಕೈ ಒಂದಿಷ್ಟು ಮೇಲೆದ್ದಿತ್ತು, ದೊಡ್ಡವರು ಅಂತ ಮರ್ಯಾದೆಗೆ ಇಳಿಸಿಕೊಂಡ. ಲಾಡ್ಜು ಯಾವ ಬೀದಿ ಅಂತ ಕೇಳಿದ. ಹೇಳಿದೆ. ಅಷ್ಟು ಓದಿದವನು, ಹೇಳಿದೆ ನೋಡಿ!

ಹತ್ತನೇ ನಂಬರು ರೂಮು

ಐದನೆಯ ದಿನ ಬೆಳಿಗ್ಗೆ ಕಂಬಳಿ ತಾತ ನನ್ನ ಹೆಂಡತಿಯ ಅಕ್ಕನ ಬೀದಿಗೆ ಹೋದ. ಆಕೆ ವರ್ಷಕ್ಕೊಂದು ಕಂಬಳಿ ಕೊಳ್ಳುವವರು. ಕೊಂಡರೋ ಇಲ್ಲವೋ ಗೊತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ ನಮ್ಮ ಲಾಡ್ಜಿನ ಮೆಟ್ಟಿಲ ಕೆಳಗೆ ಅವರ ದನಿ.

"ಪಾಲಕೋಡಿಂದ ಬಂದಿರೋ ಡಾಕ್ಟರು..."

"ಆಸ್ಪತ್ರೆ ಕೇಸಾ ಅಮ್ಮ? ಹತ್ತನೇ ನಂಬರು," ಅಂದ ಮ್ಯಾನೇಜರು, ಕೈ ಮುಗಿದಿರಬೇಕು, ದನಿ ಹಾಗಿತ್ತು.

ನಾವು ಚಕ್ಕುಲಿ ತಿನ್ನುತ್ತಾ ಇಸ್ಪೀಟು ಆಡುತ್ತಿದ್ದೆವು. ಹೆಂಡತಿ ಎದ್ದು ನಿಂತಳು. ಯಾರಿಗೂ ಕಾಯಿಲೆ ಇಲ್ಲ ಅಂತಾದರೆ ಅಕ್ಕನಿಗೆ ಅವಮಾನ, ಸಮಾಧಾನ ಮಾಡಲು ಗಂಟುಮೂಟೆ ಸಮೇತ ಅವರ ಮನೆಗೇ ಹೋಗಬೇಕು, ಹೋದರೆ ಒಲೆ. ಇನ್ನೂ ಮೂರೂವರೆ ದಿನ ಬಾಕಿ ಇತ್ತು. ಅವಳು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಸಂತೆಯಲ್ಲಿ ಕುರಿ ಆರಿಸುವವರು ಹಾಗೆ ನೋಡುತ್ತಾರೆ.

"ಮಲಕೊಳ್ಳಿ," ಅಂದಳು ನನಗೆ.

ಕೈಯಲ್ಲಿದ್ದ ಎಲೆಗಳ ಸಮೇತ ನಾನು ಹೊದಿಕೆಯೊಳಗೆ ಸೇರಿದೆ. ಒಳ್ಳೆಯ ಆಟ ಬಿದ್ದಿತ್ತು.

ಅಕ್ಕ, ಅವರ ಯಜಮಾನರು, ಇಬ್ಬರು ಚಿಕ್ಕಮ್ಮಂದಿರು, ಹಿಂದೆಯೇ ನಮ್ಮಣ್ಣ, ಅತ್ತಿಗೆ. ಅಣ್ಣ ನನ್ನನ್ನು ನೋಡಿ, "ಏನೋ, ಯಾವಾಗ ಬಂದ್ಯೋ?" ಅಂತ ನಾಟಕದವರಿಗಿಂತ ಚೆನ್ನಾಗಿ ಬೆಚ್ಚಿದ.

"ಏನಾಯ್ತೇ ನಿನ್ನ ಯಜಮಾನ್ರಿಗೆ?" ಅಂದರು ಅಕ್ಕ.

ಇದನ್ನು ನಾವು ಮಾತಾಡಿಕೊಂಡಿರಲಿಲ್ಲ. "ಹೊಟ್ಟೆ," ಅಂದಳು ಹೆಂಡತಿ. "ತಲೆ," ಅಂದ ಮಗ. "ಎದೆ," ಅಂದಳು ಮಗಳು. ಮೂರೂ ಒಟ್ಟಿಗೇ ಬಂತು.

"ಅಯ್ಯೋ ದೇವರೇ, ಮೂರೂನಾ!" ಅಕ್ಕ ಕೂತುಬಿಟ್ಟರು. "ನಮಗೆ ಹೊರೆ ಆಗಬಾರದು ಅಂತ ಇಲ್ಲಿ ಬಂದು ಬಿದ್ಕೊಂಡಿದೀರಲ್ಲೇ. ಏಳು, ಗಾಡಿ ತರಿಸ್ತೀನಿ. ನಮ್ಮನೇಲಿ ಇರಲಿ. ನೀನೂ ಇದ್ರೆ ನನಗೂ ಕೈಗೆ ಆಗತ್ತೆ."

ಹೆಂಡತಿಯ ಮುಖ ಬಿಳುಪೇರಿತು. ಆಗ ನಾನು ಹೊದಿಕೆಯ ಅಂಚಿನಿಂದ ಅಣ್ಣನನ್ನು ನೋಡಿದೆ. ನನ್ನ ಮೀಸೆಯನ್ನು ಒಂದು ಸಲ ಮೆಲ್ಲಗೆ ಒರೆಸಿಕೊಂಡೆ, ಅಷ್ಟೆ.

"ಕೂಡದು!" ಅಂತ ಅಣ್ಣ ಅಬ್ಬರಿಸಿದ. "ಈ ಸ್ಥಿತೀಲಿ ಅಲುಗಾಡಿಸಬಾರದು. ಇಲ್ಲೇ ಇರಲಿ. ಊಟ ನಾವೇ ತಂದುಕೊಡೋಣ. ಪಾಪ, ಆ ಹೆಣ್ಣುಮಗಳೂ ಸ್ವಲ್ಪ ಕೂರಲಿ."

ಏಳು ಮನೆಯವರು ಸರದಿ ಹಾಕಿಕೊಂಡರು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು. ಕ್ಯಾರಿಯರಿನ ಮೇಲಿನ ಮೂರು ಡಬ್ಬಿಯಲ್ಲಿ ಬಿಸಿಬೇಳೆ ಹುಳಿಯನ್ನ, ಪೊಂಗಲು, ಹೂರಣದ ಕಡುಬು. ಕೆಳಗಿನ ಡಬ್ಬಿ ರೋಗಿಗೆ: ಉಪ್ಪಿಲ್ಲದ ರವೆ ಗಂಜಿ. ನಾನು ಕುಡಿದು ಮುಗಿಸುವ ತನಕ ತಂದವರು ಎದುರಿಗೇ ಕೂತಿರುತ್ತಿದ್ದರು. ಮಕ್ಕಳು ಕಡುಬು ತಿಂದು ತಮಿಳಿನಲ್ಲಿ ನಗುತ್ತಿದ್ದರು. ಹೆಂಡತಿ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಬಂದವರು ತಲೆ ಬಾಚಿ ಹೂ ಮುಡಿಸಿದರೆ ಮುಡಿಸಿಕೊಂಡು, "ಏನ್ ಮಾಡೋದಕ್ಕಾ, ಅನುಭವಿಸಬೇಕು," ಅನ್ನುತ್ತಿದ್ದಳು.

ಎಲ್ಲಿ ನೋವು ಅಂತ ಹೇಳಲಾರದ ರೋಗಿಯ ಕಷ್ಟ ಏನು ಅಂತ ನನಗೆ ಆಗ ತಿಳಿಯಿತು. ಆಮೇಲೆ ನಾನು ಕುರಿಗಳನ್ನು ಹೆಚ್ಚು ಗೌರವದಿಂದ ನೋಡತೊಡಗಿದೆ.

ಎಂಟನೆಯ ದಿನ ಬಸ್ ಸ್ಟ್ಯಾಂಡಿಗೆ ಏಳು ಮನೆಯವರೂ ಬಂದರು. ಅಕ್ಕ ತಂಗಿಯ ಕೈ ಹಿಡಿದು, "ಎಂಟು ದಿನ ಎಷ್ಟು ಕಷ್ಟಪಟ್ಟೆಯೇ! ಊರಿಗೆ ಹೋಗಿ ಸ್ವಲ್ಪ ರೆಸ್ಟ್ ತಗೋ. ಇವ್ರಿಗೆ ಇನ್ನೊಂದು ವಾರ ಗಂಜೀನೇ ಕೊಡು, ತಪ್ಪಿಸಬೇಡ," ಅಂದರು. ಹೆಂಡತಿ ಅಕ್ಕನ ಮಾತು ಮೀರುವವಳಲ್ಲ. ಪಾಲಕೋಡಿನಲ್ಲಿ ಒಲೆ ಹಚ್ಚಿದಳು, ಹಾಡು ಗುನುಗುತ್ತಾ ಹಚ್ಚಿದಳು. ಅದರ ಮೇಲಿಟ್ಟದ್ದು ಗಂಜಿ. "ಅಕ್ಕ ಕಾಗದ ಬರೆದು ಮಕ್ಕಳನ್ನ ವಿಚಾರಿಸಿದ್ರೆ?" ಅಂದಳು. ಮಕ್ಕಳು ಸುಳ್ಳು ಹೇಳಬಾರದಂತೆ.

ಆ ವಾರ ಮುಗಿಯುವ ಹೊತ್ತಿಗೆ ಕಂಬಳಿ ತಾತ ಸೇಲಂನಿಂದ ಹಿಂದಿರುಗಿ, ಒಂದು ಕುರಿ ಹಿಡಿದುಕೊಂಡು ದನದಾಸ್ಪತ್ರೆಗೆ ಬಂದ. ನನ್ನ ಷರಟು ಹೆಗಲಿನಿಂದ ಜೋತಾಡುತ್ತಿತ್ತು. ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಕುರಿಯವರು ಕಾದು ಕೂತಿದ್ದರು.

"ನೋಡ್ರಲಾ!" ಅಂತ ಅವರ ಕಡೆ ತಿರುಗಿದ. "ತಾರಮಂಗಲತ್ನಾಗೇ ಯೋಳ್ದೆ ನಾನು, ಸಾಮಿಗೆ ಉಸಾರಿಲ್ಲ ಅಂತ. ಇಲ್ಲ ಇಲ್ಲ ಅಂದ್ರು. ಈಗ ನೋಡಿ, ಎಂಗೆ ಸೊರಗೋಗವ್ರೆ!"

ಈ ಸಲ ಅವನು ಮರ್ಯಾದೆ ನೋಡಲಿಲ್ಲ. ಕುರಿಯ ಹಗ್ಗ ನನ್ನ ಕೈಗೇ ಕೊಟ್ಟು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಲ್ಲಿ ನನ್ನ ಕಣ್ಣಿನ ಕೆಳರೆಪ್ಪೆ ಎಳೆದ. ಜಗಲಿಯವರೆಲ್ಲ ಎದ್ದು ಬಂದು ಬಗ್ಗಿ ನೋಡಿದರು. ಒಬ್ಬರಿಗೂ ಅನುಮಾನ ಇರಲಿಲ್ಲ, ನಾನೇ ಕಲಿಸಿದ ವಿದ್ಯೆ.

"ಬೆಳ್ಳಗೈತೆ ಸಾಮಿ," ಅಂದ ಕಂಬಳಿ ತಾತ. "ಮೊದ್ಲು ನೀವು ಔಷ್ದಿ ಕುಡೀರಿ. ನಮ್ ಕುರಿ ಕಾಯ್ತದೆ."