ಜೋಸೆಫರ ಹೆಸರಿನಲ್ಲೊಂದು ಅರ್ಚನೆ

ಪರಿಚಯದ ಮನುಷ್ಯನನ್ನು "ನೀವು ಒಳ್ಳೆಯವರು ತಾನೇ?" ಅಂತ ಕೇಳುವುದಕ್ಕಿಂತ ಕಷ್ಟದ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ. ಆ ಕೆಲಸಕ್ಕೇ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಿಟ್ಟಿನ ಗಿರಣಿ ಮಾಡಿ ಹೊರದೇಶಕ್ಕೆ ಕಳಿಸುವ ಪುಟ್ಟ ಕಾರ್ಖಾನೆ ನಮ್ಮದು. ಇಂಥಿಂಥವರ ಜೊತೆ ವ್ಯಾಪಾರ ಮಾಡಕೂಡದು ಅಂತ ದೇಶದೇಶಗಳ ಸರ್ಕಾರಗಳು ಹೆಸರುಗಳ ಪಟ್ಟಿ ಹೊರಡಿಸಿರುತ್ತವೆ. ಸರಕು ಹೊರಡುವ ಮುಂಚೆ ಗಿರಾಕಿಯ ಹೆಸರನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಆ ಪಟ್ಟಿಗಳನ್ನೆಲ್ಲ ಜಾಲಾಡಿ, ಇಲ್ಲದಿದ್ದರೆ ಹಸಿರು, ಇದ್ದ ಹಾಗೆ ಕಂಡರೆ ಕೆಂಪು ತೋರಿಸುತ್ತದೆ. ಹಸಿರಾದರೆ ನಾನು ಕಾಫಿಗೆ ಹೋಗುತ್ತೇನೆ. ಕೆಂಪಾದರೆ ಯಜಮಾನರ ಕೋಣೆಗೆ ಬೈಸಿಕೊಳ್ಳಲು ಹೋಗುತ್ತೇನೆ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮಜ್ಜಿ ಇದರಲ್ಲಿ ಪಳಗಿದ ಕೈ. ಅಕ್ಕನಿಗೆ ಗಂಡು ನೋಡುವಾಗ ಅಜ್ಜಿ ಮೊದಲು ಗಂಡಿನ ಮನೆಗೆ ಹೋಗುತ್ತಿರಲಿಲ್ಲ. ಎದುರು ಮನೆಗೆ ಹೋಗಿ, "ಬಿಸಿಲು ಕಣವ್ವ, ಒಂದು ಲೋಟ ನೀರು ಕೊಡು" ಅನ್ನುತ್ತಿದ್ದಳು. ಲೋಟ ಖಾಲಿಯಾಗುವಷ್ಟರಲ್ಲಿ ಹುಡುಗ ಕದ್ದು ಬೀಡಿ ಸೇದುವುದು, ಅವನ ತಾಯಿಯ ನಾಲಿಗೆ, ತಂದೆಯ ಇಸ್ಪೀಟು ಎಲ್ಲ ಅಜ್ಜಿಯ ಸೆರಗಿನಲ್ಲಿರುತ್ತಿದ್ದವು. "ನೆಟ್ಟಗೆ ಕೇಳಿದ್ರೆ ಜನ ಹೆಸರು ಹೇಳ್ತಾರೆ ಕಣೋ, ಸುತ್ತಿ ಕೇಳಿದ್ರೆ ಜಾತಕಾನೇ ಹೇಳ್ತಾರೆ" ಅನ್ನೋಳು. ಅದೇ ಅಜ್ಜಿಯ ಪ್ರಕಾರ ನಾನು ಹುಟ್ಟಿದ್ದು ಯುಗಾದಿಯ ಮಾರನೇ ದಿನ, ಒಲೆಯ ಮೇಲೆ ಒಬ್ಬಟ್ಟಿನ ಸಾರು ಕುದಿಯುತ್ತಿರುವಾಗ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಸಾರಿನ ವಿಷಯ ಬಿಟ್ಟು, ತಮಗೆ ಅನುಕೂಲವಾಗುವ ಹಾಗೆ ಜೂನ್ ತಿಂಗಳ ಯಾವುದೋ ತಾರೀಖು ಬರೆದುಕೊಂಡರು. ನನ್ನ ಪಾಸ್‌ಪೋರ್ಟಿನಲ್ಲಿರುವುದು ಮೇಷ್ಟ್ರ ತಾರೀಖು. ಇರಲಿ, ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಕೀನ್ಯಾದ ಜೋಸೆಫರ ಹೆಸರು ಹಾಕಿದೆ. ಕೆಂಪು! ಎಷ್ಟೋ ವರ್ಷದಿಂದ ನಮ್ಮ ಗಿರಣಿ ಕೊಳ್ಳುತ್ತಿರುವವರು. ಅವರ ಹೆಸರಿನವನೇ ಇನ್ನೊಬ್ಬ ಯಾವುದೋ ಹೊಸ ಪಟ್ಟಿಗೆ ಸೇರಿಬಿಟ್ಟಿದ್ದ. ಅವನು ಇವರಲ್ಲ ಅಂತ ತೋರಿಸಲು ಜೋಸೆಫರ ಹುಟ್ಟಿದ ದಿನ, ಊರು, ತಂದೆಯ ಹೆಸರು ಬೇಕು.

"ಯಾರು, ನಮ್ಮ ಜೋಸೆಫಾ?" ಯಜಮಾನರಾದ ಚನ್ನಬಸಪ್ಪನವರು ಎದ್ದೇ ನಿಂತರು. ಚಿತ್ರದುರ್ಗದ ಕಡೆಯವರು, ಮನುಷ್ಯರನ್ನು ಊಟದ ಎಲೆಯ ಮುಂದೆ ಅಳೆಯುವವರು. "ನಮ್ಮನೇಲಿ ಕೂತು ಮುದ್ದೆ ಉಂಡಿರೋ ಮನುಷ್ಯ ಕಣ್ರೀ ಅದು! ನಮ್ಮೂರಲ್ಲೂ ಜೋಳದ ಹಿಟ್ಟಲ್ಲಿ ಹಿಂಗೇ ಮಾಡ್ತೀವಿ ಅಂತ ಗುಳುಕ್ಕನೆ ನುಂಗಿದ್ರು. ನೀವು ಇನ್ನೂ ಅಗೀತೀರಿ!"

"ಸಾರ್, ಪಟ್ಟೀಲಿ ಮುದ್ದೆಗೆ ಕಾಲಂ ಇಲ್ಲ."

ಯಜಮಾನರು ಧೊಪ್ಪನೆ ಕೂತರು. ಜೋಸೆಫರ ಕಡೆ ಮೆಕ್ಕೆಜೋಳದ ಕೊಯ್ಲು ಹತ್ತಿರ ಬಂದಿತ್ತು. ಕೊಯ್ಲಿಗೆ ಗಿರಣಿ ಬರುತ್ತೆ ಅಂತ ಅವರು ಹಳ್ಳಿಹಳ್ಳಿಗೆ ಮಾತು ಕೊಟ್ಟಿದ್ದರು. "ಕೇಳಿ. ಆದ್ರೆ ಅವರ ಮನಸ್ಸಿಗೆ ನೋವಾಯ್ತೋ, ನನ್ನ ಮುಂದೆ ನಿಲ್ಲಬೇಡಿ" ಅಂದರು.

ವಿಜಯನಗರದ ಮನೆಗೆ ಬಂದು ತಟ್ಟೆಯ ಮುಂದೆ ಕೂತು ನಡೆದದ್ದನ್ನು ಹೇಳಿಕೊಂಡೆ. ನನ್ನ ಹೆಂಡತಿ ಗಿರಿಜೆ ಅವರೇಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಳು. "ಇಷ್ಟೇನಾ? ದೇವಸ್ಥಾನದಲ್ಲಿ ಹೆಸರು, ನಕ್ಷತ್ರ, ಗೋತ್ರ ಎಲ್ಲಾ ಕೇಳ್ತಾರಲ್ರೀ. ಯಾರಾದ್ರೂ ಬೇಜಾರು ಮಾಡ್ಕೊಂಡಿದಾರಾ? ದಕ್ಷಿಣೆ ಬೇರೆ ಹಾಕಿ ಬರ್ತಾರೆ. ಅರ್ಚನೆ ಮಾಡಿಸ್ತೀವಿ ಅನ್ನಿ."

ಅಜ್ಜಿಯೇ ಬಂದು ಎದುರು ಮನೆಯ ಬಾಗಿಲು ತೋರಿಸಿದ ಹಾಗಾಯಿತು. ಕೊಯ್ಲು ಚೆನ್ನಾಗಿ ಆಗಲೆಂದು ತಮ್ಮ ಹೆಸರಿನಲ್ಲಿ ಪೂಜೆ ಮಾಡಿಸುತ್ತೇವೆ, ಜನ್ಮದಿನ, ಜನ್ಮಸ್ಥಳ, ತಂದೆಯ ಹೆಸರು ಬೇಕು ಅಂತ ಜೋಸೆಫರಿಗೆ ಮೇಲ್ ಬರೆದೆ. ಪುಣ್ಯಾತ್ಮರು ತಾತನ ಹೆಸರನ್ನೂ ಸೇರಿಸಿ ಕಳಿಸಿದರು. ಪಟ್ಟಿಯವನ ವಯಸ್ಸು ಬೇರೆ, ಊರು ಬೇರೆ, ಅಪ್ಪ ಬೇರೆ. ಪರದೆ ಹಸಿರಾಯಿತು, ಗಿರಣಿಗಳು ಹಡಗು ಹತ್ತಿದವು.

ಮಾತು ಕೊಟ್ಟ ಮೇಲೆ ಅರ್ಚನೆ ಮಾಡಿಸಲೇಬೇಕಲ್ಲ. ಮಾರೇನಹಳ್ಳಿಯ ಈಶ್ವರನ ಗುಡಿಗೆ ಹೋದೆವು. ಅರ್ಚಕರು "ಗೋತ್ರ?" ಅಂದರು. "ಕೀನ್ಯಾದವರು ಸ್ವಾಮೀ" ಅಂದೆ. "ಶಿವಗೋತ್ರ ಅಂತ ಹಾಕೋಣ ಬಿಡಿ, ಅವನದಲ್ಲದ್ದು ಯಾವುದಿದೆ" ಅಂದು ಜೋಸೆಫರನ್ನು ಸಲೀಸಾಗಿ ಒಳಗೆ ಸೇರಿಸಿಕೊಂಡರು. ನಮ್ಮ ಸಾಫ್ಟ್‌ವೇರಿಗೆ ಈ ಬುದ್ಧಿ ಯಾವಾಗ ಬರುತ್ತದೋ! ಪ್ರಸಾದದ ಫೋಟೋ ತೆಗೆದು ಕಳಿಸಿದೆ.

ಎರಡೇ ದಿನಕ್ಕೆ ಜೋಸೆಫರ ಉತ್ತರ ಬಂತು. ಬಹಳ ಸಂತೋಷವಾಯಿತು, ನಮ್ಮ ಚರ್ಚಿನಲ್ಲೂ ನಿಮಗಾಗಿ ಪ್ರಾರ್ಥನೆ ಮಾಡಿಸುತ್ತೇವೆ, ರಫ್ತಿನ ಕಾಗದಗಳಿಗೆ ಸಹಿ ಹಾಕಿದ ನಿಮ್ಮ ಹುಟ್ಟಿದ ದಿನ, ಊರು, ತಂದೆಯ ಹೆಸರು ಬೇಕು. ಜೊತೆಗೆ ಪಾಸ್‌ಪೋರ್ಟಿನ ಒಂದು ಪ್ರತಿ.

"ಪ್ರಾರ್ಥನೆಗೆ ಪಾಸ್‌ಪೋರ್ಟ್ ಯಾಕ್ರೀ?" ಅಂದ ಯಜಮಾನರು ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಜೋಸೆಫರ ಬ್ಯಾಂಕಿನಲ್ಲೂ ಹಣ ಕಳಿಸುವ ಮುಂಚೆ ಹೆಸರು ಜಾಲಾಡುವ ನನ್ನಂಥವನೊಬ್ಬ ಕೂತಿದ್ದ. ಜೋಸೆಫರಿಗೂ ನಮ್ಮಜ್ಜಿಯಂಥ ಅಜ್ಜಿಯೊಬ್ಬಳು ಇದ್ದಿರಬೇಕು.

ಅಲ್ಲಿಗೆ ಸುಮ್ಮನೆ ಪ್ರತಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಪ್ರಾರ್ಥನೆಯ ಆಸೆ ನೋಡಿ. ಅಷ್ಟು ದೂರದ ಜನ ಮಂಡಿಯೂರಿ ಬೇಡಿಕೊಂಡದ್ದೆಲ್ಲ ಮೇಷ್ಟ್ರು ಹುಟ್ಟಿಸಿದ ಆ ಜೂನ್ ಮನುಷ್ಯನಿಗೆ ಹೋಗಿಬಿಟ್ಟರೆ? ಅವನಿಗೇನು ಕಷ್ಟವಿದೆ? ಮಂಡಿನೋವು, ಸಾಲದ ಕಂತು ಎಲ್ಲ ಯುಗಾದಿಯವನದ್ದು. ಹಾಗಾಗಿ ಪ್ರತಿಯ ಜೊತೆಗೆ "ಪ್ರಾರ್ಥನೆಗೆ ಮಾತ್ರ ಈ ದಿನವನ್ನು ಪರಿಗಣಿಸಿ" ಅಂತ ಅಜ್ಜಿಯ ತಾರೀಖನ್ನೂ ಬರೆದೆ.

ಜೋಸೆಫರು ಅದನ್ನೂ ಪ್ರಾಮಾಣಿಕವಾಗಿ ಬ್ಯಾಂಕಿಗೆ ಕಳಿಸಿಬಿಟ್ಟರು. ಸಹಿ ಹಾಕಿದವರು ಒಬ್ಬರೋ ಇಬ್ಬರೋ ತಿಳಿಸಿ ಅಂತ ಬ್ಯಾಂಕು ರಫ್ತಿನ ಕಾಗದಗಳನ್ನು ಹಿಡಿದಿಟ್ಟುಕೊಂಡಿತು. ಅವಿಲ್ಲದೆ ಬಂದರಿನಿಂದ ಸರಕು ಬಿಡಿಸಿಕೊಳ್ಳುವ ಹಾಗಿಲ್ಲ. ಆ ಕಡೆ ಜೋಳ ಒಣಗುತ್ತಿದೆ, ಗಿರಣಿಗಳು ಬಂದರಿನಲ್ಲಿ ಕೂತಿವೆ, ಈ ಕಡೆ ನಾನು ಒಬ್ಬನೇ ಅಂತ ಪ್ರಮಾಣಪತ್ರ ಮಾಡಿಸಲು ನೋಟರಿ ಹುಡುಕಿಕೊಂಡು ಓಡುತ್ತಿದ್ದೇನೆ. "ಜೋಸೆಫ್ ಒಂದೇ ಏಟಿಗೆ ಹಸಿರಾದ್ರು. ಕೆಂಪಾದೋರು ನೀವು ಕಣ್ರೀ!" ಅಂತ ಯಜಮಾನರು ಬಾಗಿಲ ತನಕ ಬಂದು ಹೇಳಿದರು.

ಕೊಯ್ಲಿಗೆ ಸರಿಯಾಗಿ ಗಿರಣಿ ತಲುಪಿತು ಅನ್ನಿ. ಮೀಸೆಯೆಲ್ಲ ಹಿಟ್ಟು ಮಾಡಿಕೊಂಡು ನಗುವ ಜೋಸೆಫರ ಫೋಟೋ ಬಂದ ದಿನ, ನನ್ನ ಹೆಸರಿನಲ್ಲೂ ಒಂದು ಅರ್ಚನೆಯಾಗಲಿ ಅಂತ ಗಿರಿಜೆ ಗುಡಿಗೆ ಕರೆದುಕೊಂಡು ಹೋದಳು. ಅರ್ಚಕರು "ನಕ್ಷತ್ರ?" ಅಂದರು. ಯಾವ ತಾರೀಖಿನದು ಹೇಳಲಿ ಅಂತ ನಾನು ಬಾಯಿ ತೆರೆಯುವುದರೊಳಗೆ ಗಿರಿಜೆ ಅಂದಳು:

"ಇಬ್ಬರದ್ದೂ ಮಾಡ್ಬಿಡಿ ಸ್ವಾಮೀ. ಅಡುಗೆ ಮಾತ್ರ ಒಬ್ಬರಿಗೇ ಮಾಡಿಟ್ಟು ಬಂದಿದೀನಿ."