ಜೋಡಿ ಸೀನಿದ ಕಾರು

ಕೆಲವರ ಕಾರು ಕೆಡುತ್ತೆ, ಕೆಲವರದು ದಾರೀಲಿ ನಿಲ್ಲುತ್ತೆ. ನನ್ನದು ಸೀನುತ್ತೆ. ಅದ್ಯಾಕೆ ಅಂತ ಸರಿಯಾಗಿ ನನಗೆ ಈಗಲೂ ತಿಳಿದಿಲ್ಲ, ಬಿಡಿಸಿ ಹೇಳಿದೋರಿಗೆಲ್ಲ ಹೂಂ ಅಂತ ತಲೆ ಆಡಿಸ್ತೀನಿ ಅಷ್ಟೇ.

ಹಿಂದೂಪುರದಾಗೆ ಬಾಡಿಗೆ ಕಾರು ಓಡಿಸೋನು ನಾನು. ಮೂವತ್ತೈದು ದಾಟಿತ್ತು, ನೋಡಿದ ಸಂಬಂಧವೆಲ್ಲ ತಪ್ಪಿ ಕೊನೆಗೆ ಕಲ್ಯಾಣದುರ್ಗದಿಂದ ಒಂದು ಬಂದಿತ್ತು. "ಇದೂ ತಪ್ಪಿದ್ರೆ ನಿನ್ನ ಗತಿ ದೇವರೇ ಬಲ್ಲ ಕಣ್ಲಾ" ಅಂತ ಅವ್ವ ದಿನಾ ಶುರು ಮಾಡೋಳು. ಒಳ್ಳೆ ಕಾರಲ್ಲಿ ಹೋದ್ರೆ ಒಪ್ತಾರೇನೋ ಅಂತ ಒಂದು ಹಳೇ ಟರ್ಬೊ ಪೆಟ್ರೋಲ್ ಕಾರು ತಗೊಂಡೆ.

ಗಾಳಿ ಎಲ್ಲಿ ಹೋಯ್ತು?

ಮೊದಲನೇ ದಿನ ಕೊಡಿಕೊಂಡ ಚೆಕ್‌ಪೋಸ್ಟ್ ಕಡೆ ಕಾರು ಹೊಡೆದೆ. ಆಕ್ಸಿಲರೇಟರ್ ಜೋರಾಗಿ ಒತ್ತಿ, ಗೇರ್ ಬದಲಾಯಿಸೋಕೆ ಕಾಲು ಎತ್ತಿದ್ದೇ ತಡ, "ಪುಸ್ಸ್!" ಅಂತು. ಪಂಚರ್ ಅಂದ್ಕೊಂಡು ಇಳಿದು ನೋಡಿದ್ರೆ ಟೈರು ಗಟ್ಟಿಗೈತೆ. ಮತ್ತೆ ಹತ್ತಿದೆ, ಮತ್ತೆ "ಪುಸ್ಸ್!"

ಚೆಕ್‌ಪೋಸ್ಟ್ ಹತ್ತಿರದ ಪಂಚರ್ ಅಂಗಡಿಯೋನು ನಾಲ್ಕು ಟೈರೂ ನೀರು ಹಾಕಿ ನೋಡಿದ, ಸ್ಟೆಪ್ನೀನೂ ಬಿಡಲಿಲ್ಲ. ಒಂದು ಗುಳ್ಳೆ ಬರಲಿಲ್ಲ.

"ಹಂಗಾದ್ರೆ ಗಾಳಿ ಎಲ್ಲಿಂದ ಹೋಯ್ತೈತಪ್ಪ?" ಅಂದೆ.

ಅವನು ಕೈ ಒರೆಸಿಕೊಂಡು ತೆಲುಗಲ್ಲಿ ಅಂದ, "ಟೈರ್ಲೋ ಗಾಲಿ ಉಂದನ್ನಾ, ನೀಕೇ ಪೋಯಿಂದಿ." ಟೈರಲ್ಲಿ ಐತೆ, ಹೋಗಿರೋದು ನಿನಗೇ ಅಂತ!

ಹಿತ್ತಲ ಬಾಗಿಲು

ಮೆಕ್ಯಾನಿಕ್ ಬಾನೆಟ್ ಎತ್ತಿದೋನೇ ನಕ್ಕ. "ಬ್ಲೋ-ಆಫ್ ವಾಲ್ವ್ ಅಣ್ಣ. ಹಿಂದಿನೋನು ಹಾಕ್ಸವ್ನೆ."

"ಅಂದ್ರೆ?"

"ಟರ್ಬೊ ಇಂಜಿನ್ನೊಳಕ್ಕೆ ಗಾಳಿ ತಳ್ತದೆ. ನೀನು ಕಾಲು ತೆಗೆದ್ರೆ ಮುಂಬಾಗಿಲು ಮುಚ್ಕೊಂತದೆ. ಬಂದ ಗಾಳಿ ಎಲ್ಲಿಗೆ ಹೋಗ್ಬೇಕು? ಇದು ಹಿತ್ತಲ ಬಾಗಿಲು. ಕಂಪನಿಯೋರದು ಆ ಗಾಳೀನ ಸದ್ದಿಲ್ದೆ ವಾಪಸ್ ಒಳಕ್ಕೇ ಬಿಡ್ತದೆ. ನಿಂದು ಬೀದಿಗೆ ಬಿಡ್ತದೆ, ಅದಕ್ಕೆ ಈ ಸದ್ದು."

"ಪವರ್ ಜಾಸ್ತಿ ಆಯ್ತದಾ?"

"ಎಲ್ಲಿ ಆಯ್ತದೆ? ಒಳಗಿನ ಕಂಪ್ಯೂಟರು ಆ ಗಾಳೀನ ಲೆಕ್ಕ ಹಿಡಿದು ಪೆಟ್ರೋಲ್ ಸುರಿದಿರ್ತದೆ. ನೆಂಟರು ಬಂದ್ರು ಅಂತ ಅಡುಗೆ ಮಾಡಿಟ್ರೆ ಅವರು ಹಿತ್ತಲಿಂದ ಹೋದಂಗೆ! ಮೈಲೇಜ್ ಹೋಯ್ತದೆ, ಗಾಡಿ ಜಗ್ಗುತದೆ."

"ಇಷ್ಟು ಸದ್ದು ಬತ್ತೈತೆ, ಒಸಿನಾದ್ರೂ ಪವರ್ ಇರ್ಬೇಕಲ್ಲ?"

"ಕುಕ್ಕರ್ ಕೂಗಿದ್ರೆ ಬೇಳೆ ಜಾಸ್ತಿ ಆಯ್ತದಾ?"

ತೆಗೆದಾಕಲೇಬೇಕು, ನಾಳೆ ಕಂಪನಿ ವಾಲ್ವ್ ತರಿಸ್ತೀನಿ ಅಂದ. ಒಂದು ರೌಂಡು ನೋಡ್ಕೊಂಡು ಬತ್ತೀನಿ ಅಂತ ಕಾರು ತಗೊಂಡು ಹೋದೋನು ಬಿಸಿಲು ಇಳಿದ ಮೇಲೆ ಬಂದ. ಬಾಯಿ ಕಿವಿ ಮುಟ್ಟಿತ್ತು. "ಇರ್ಲಿ ಬಿಡಣ್ಣ," ಅಂದ, "ಏನು ಸೌಂಡಣ್ಣ ಅದು!"

ಅಜ್ಜಿಯ ಆಶೀರ್ವಾದ

ಲೇಪಾಕ್ಷಿಯಿಂದ ಒಬ್ಬ ಅಜ್ಜೀನ ಹಿಂದೂಪುರದ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಬತ್ತಿದ್ದೆ. ಕಾರು ಪುಸ್ಸ್ ಅಂದಾಗಲೆಲ್ಲ ಹಿಂದಿನ ಸೀಟಿಂದ, "ನೂರು ವರ್ಷ ಬಾಳಪ್ಪ." ಮತ್ತೆ ಪುಸ್ಸ್. "ನೂರು ವರ್ಷ ಬಾಳಪ್ಪ."

"ಅಜ್ಜಿ, ನಾನಲ್ಲ, ಕಾರು."

"ಹೂಂ ಕಣಪ್ಪ, ಹಂಗೇ ಅನ್ನು. ನಮ್ಮ ಯಜಮಾನ್ರೂ ಎಲ್ಲಾದಕ್ಕೂ ಎಮ್ಮೆ ಮೇಲೆ ಹೇಳೋರು."

ಇಳಿಯುವಾಗ ಮೆತ್ತಗೆ ಕೇಳಿದ್ಲು, "ಮದುವೆ ಆಗೈತಾ?"

"ಇಲ್ಲಜ್ಜಿ."

"ಮತ್ತೆ? ಈ ಮೂಗು ಇಟ್ಕೊಂಡು ಹೆಣ್ಣು ಕೇಳೋಕೆ ಹೋದ್ರೆ ಯಾರು ಕೊಟ್ಟಾರು!"

ಒಂಟಿಯೋ ಜೋಡಿಯೋ

ಆ ಮಾತು ನನ್ನ ಎದೆಗೆ ನಾಟ್ತು. ಹೆಣ್ಣು ನೋಡೋಕೆ ಹೊರಟ ದಿನ ದೇವರಿಗೆ ಕೈ ಮುಗಿದು, ಅವ್ವನ್ನ ಮುಂದೆ ಕೂರಿಸಿಕೊಂಡು ಬೀದಿ ತಿರುವಿಗೆ ಬಂದಿದ್ದೆ. "ಪುಸ್ಸ್!"

"ಒಂಟಿ ಸೀನು!" ಅಂತ ಅವ್ವ ಎದೆ ಹಿಡ್ಕೊಂಡ್ಲು. "ತಿರುಗ್ಸು ಮನೆಗೆ!"

ಮನೆಗೆ ಹೋಗಿ ನೀರು ಕುಡಿದು, ಒಂದು ಗಳಿಗೆ ಕೂತು ಮತ್ತೆ ಹೊರಟ್ವಿ. ಅದೇ ತಿರುವು, ಅದೇ ಪುಸ್ಸ್. ಅದು ಸೀನಲ್ಲ ಕಣವ್ವ, ವಾಲ್ವು, ಹಿತ್ತಲ ಬಾಗಿಲು, ನೆಂಟರು, ಅಡುಗೆ ಅಂತ ಏನೇನೋ ಹೇಳಿದೆ. ನನಗೇ ಅರ್ಥ ಆಗ್ದಿದ್ದು ಅವಳಿಗೆ ಎಲ್ಲಿ ಅರ್ಥ ಆಗ್ಬೇಕು?

"ಸೀನಿದ್ರೆ ಎರಡು ಸಲ ಸೀನ್ಸು. ಜೋಡಿ ಸೀನು ಶುಭ," ಅಂದ್ಬುಟ್ಲು.

ಅಲ್ಲಿಂದ ಕಲ್ಯಾಣದುರ್ಗದವರೆಗೂ ಒತ್ತೋದು, ಬಿಡೋದು, ಒತ್ತೋದು, ಬಿಡೋದು. ಪುಸ್ ಪುಸ್, ಪುಸ್ ಪುಸ್. ಕಾರು ಜಗ್ಗಿದ ಏಟಿಗೆ ಅವ್ವನ ಮಲ್ಲಿಗೆ ಹೂವು ಮಡಿಲಿಗೆ ಬಂದಿತ್ತು.

ಹುಡುಗಿ ಬಂದು ಕಾಫಿ ಕೊಟ್ಲು, ಒಂದು ಸಲ ನನ್ನ ನೋಡಿ ಒಳಕ್ಕೆ ಹೋದ್ಲು. ಅಷ್ಟಕ್ಕೇ ನಾನು ಸೋತು ಹೋದೆ. ದೊಡ್ಡೋರ ಮಾತೂ ಚೆನ್ನಾಗೇ ನಡೀತು. ಬೀಳ್ಕೊಡೋಕೆ ಹುಡುಗಿಯೊಬ್ಬಳನ್ನ ಬಿಟ್ಟು ಮನೆಯೋರೆಲ್ಲ ಬಾಗಿಲಿಗೆ ಬಂದ್ರು. ಕಾರು ಹತ್ತಿ ಜಂಬದಿಂದ ಒತ್ತಿದೆ. ಎದುರಿಗೆ ಎಮ್ಮೆ ಅಡ್ಡ ಬಂತು. ಕಾಲು ತೆಗೆದು ಬ್ರೇಕ್ ಹಾಕ್ದೆ.

"ಪುಸ್ಸ್!"

ಇಂಜಿನ್ ಆಫ್ ಆಯ್ತು. ಎರಡನೇದು ಬರಲೇ ಇಲ್ಲ.

ಹುಡುಗಿಯ ಅಜ್ಜಿ ಹೊಸಿಲ ಮೇಲೆ ಕಲ್ಲಾದ್ಲು. "ಒಂಟಿ ಸೀನು! ಮಾತು ಮುಗಿದ ಗಳಿಗೇಲಿ!" ಹುಡುಗಿಯ ಅಪ್ಪನ ಮುಖ ಇಳೀತು. ಅವ್ವ ಕಣ್ಣು ಮುಚ್ಚಿದ್ಲು. ಕೀ ತಿರುವುತೀನಿ, ತಿರುವುತೀನಿ, ಸ್ಟಾರ್ಟ್ ಆಗ್ತಿಲ್ಲ. ಮುಗೀತಪ್ಪ ನನ್ನ ಕಥೆ, ಈ ದರಿದ್ರ ಹಿತ್ತಲ ಬಾಗಿಲಿಂದ ನನ್ನ ಮದುವೆ ಬೀದಿಗೆ ಹೋಯ್ತು ಅಂತ ಅಳುವೇ ಬಂತು.

ಆಗ ಮನೆಯೊಳಗಿಂದ, ಬೀದಿಗೆಲ್ಲ ಕೇಳೋ ಹಂಗೆ, ಒಂದು ಹೆಣ್ಣು ದನಿ.

"ಆ... ಆ... ಆಕ್ಷೀ!"

ಅಜ್ಜಿಯ ಮುಖ ಅರಳಿತು. "ಜೋಡಿ ಆಯ್ತು! ಶುಭ!"

ಮದುವೆ ಆಯ್ತು. ವಾಲ್ವು ಹಂಗೇ ಐತೆ, ತೆಗೆಸೋಕೆ ಇವಳು ಬಿಡಲ್ಲ. "ಅವತ್ತು ಬೇಕಂತಲೇ ಸೀನಿದ್ಯಾ?" ಅಂತ ಆಗಾಗ ಕೇಳ್ತೀನಿ.

"ಹೋಗ್ರೀ, ಅದು ಒಣಮೆಣಸಿನಕಾಯಿ ಒಗ್ಗರಣೆ ಘಾಟು," ಅಂತಾಳೆ.

ಇರಬಹುದು. ಆದ್ರೆ ಅವತ್ತು ಅವರ ಮನೇಲಿ ಮಾಡಿದ್ದು ಬರೀ ಕೇಸರಿಬಾತು.