ಎರಡು ತೊಟ್ಟಿಯ ಸಿಂಕು

ನನ್ನ ಗಂಡ ತೀರಿಕೊಂಡದ್ದು ಮಧ್ಯಾಹ್ನದ ಊಟವಾದ ಮೇಲೆ, ಪಾತ್ರೆ ತೊಳೆಯುವ ಮೊದಲು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ ಅವರು. ಇದೊಂದನ್ನು ಬಿಟ್ಟರು. ಸಮಾಧಾನ ಹೇಳಲು ಬಂದವರೆಲ್ಲ, "ಪುಣ್ಯವಂತರು, ಒಂದಿಷ್ಟೂ ನರಳಲಿಲ್ಲ" ಎಂದರು. ನಿಜ, ಅವರು ನರಳಲಿಲ್ಲ. ಆ ಪಾಲನ್ನು ನನಗೂ ನನ್ನ ನಾದಿನಿಗೂ ಸಮನಾಗಿ ಹಂಚಿ ಹೋದರು.

ನಾದಿನಿ ಎಂದರೆ ಅವರ ತಂಗಿ. ಮದುವೆಯಾದವಳಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದು, ನಿವೃತ್ತಳಾದ ಮೇಲೆ ನಮ್ಮ ಜೊತೆಗೇ ಬಂದು ಇದ್ದಾಳೆ. ಜೀವಮಾನವಿಡೀ ಹರಿಯುವ ನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡವಳು. ನಿಂತ ನೀರು ಕಂಡರೆ ಅವಳಿಗೆ ಹಾವು ಕಂಡ ಹಾಗೆ. ನಾನೋ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಕಾಲಕ್ಕಿಂತ ಒಳ್ಳೆಯ ದ್ರಾವಕವಿಲ್ಲ ಎಂಬುದು ನನ್ನ ಸಿದ್ಧಾಂತ. ಪಾತ್ರೆಗೆ ಬಿಸಿನೀರು ತುಂಬಿಸಿಟ್ಟು ಒಂದು ಒಳ್ಳೆಯ ಪುಸ್ತಕ ಹಿಡಿದು ಕೂತರೆ, ಅರ್ಧ ಕೆಲಸ ತಾನಾಗಿಯೇ ಆಗಿರುತ್ತದೆ. ಆದರೆ ನಾನು ಪುಸ್ತಕ ಮಡಚಿ ಎದ್ದು ಬರುವಷ್ಟರಲ್ಲಿ ಅವಳು ಆ ನೀರನ್ನು ಚೆಲ್ಲಿರುತ್ತಿದ್ದಳು.

ನಮ್ಮದು ಎಣ್ಣೆ ಸೀಗೇಕಾಯಿ ಸಂಬಂಧ ಎಂದು ನೆಂಟರು ಹೇಳುತ್ತಾರೆ. (ಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು ಹೋಲಿಕೆ. ಎಣ್ಣೆಗೂ ಸೀಗೇಕಾಯಿಗೂ ಚೆನ್ನಾಗಿಯೇ ಹೊಂದುತ್ತದೆ. ಹೊಂದುವುದರಿಂದಲೇ ಜಿಡ್ಡು ಹೋಗುವುದು. ಆದರೆ ನೆಂಟರಿಗೆ ಪಾಠ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.)

ನನ್ನ ಗಂಡ ಭೂಮಾಪಕರಾಗಿದ್ದರು. ಕಂಡವರ ಹೊಲಗಳ ಗಡಿ ಅಳೆದು ಕಲ್ಲು ನೆಡಿಸಿದವರು, ಮನೆಯಲ್ಲಿ ತಾವೇ ಗಡಿಕಲ್ಲಾಗಿ ಸಿಂಕಿನ ಮುಂದೆ ನಿಂತುಬಿಟ್ಟರು. ಮೂರು ಹೊತ್ತಿನ ಪಾತ್ರೆಯನ್ನೂ ಅವರೇ ತೊಳೆಯುತ್ತಿದ್ದರು. ಪಕ್ಕದ ಮನೆಯ ಹೆಂಗಸರು, "ಗಂಡ ಅಂದ್ರೆ ಹೀಗಿರಬೇಕು!" ಎಂದು ತಮ್ಮ ತಮ್ಮ ಗಂಡಂದಿರನ್ನು ಕಿಟಕಿಗೆ ಕರೆದು ತೋರಿಸುತ್ತಿದ್ದರು. ಅದು ಪ್ರೇಮವಲ್ಲ, ಶಾಂತಿಪಾಲನೆ. ಅವರು ನಡುವೆ ನಿಂತಿದ್ದಷ್ಟು ದಿನ ನಾನೂ ನಾದಿನಿಯೂ ಸಿಂಕಿನ ಬಳಿ ಮುಖಾಮುಖಿಯಾಗಲಿಲ್ಲ.

ಅವರು ಬಿಟ್ಟುಹೋದ ಇನ್ನೊಂದು ಆಸ್ತಿ, ಸರ್ವೇ ಕ್ಯಾಂಪಿನ ಪಾತ್ರೆ. ದಪ್ಪ ತಳದ, ಎರಡು ಕಿವಿಯ, ಇಡೀ ತಂಡಕ್ಕೆ ಬೇಯಿಸುತ್ತಿದ್ದ ಪಾತ್ರೆ. ಒಮ್ಮೆ ಜೀಪಿನಿಂದ ಉರುಳಿಬಿದ್ದು ಅದರ ಹೊಟ್ಟೆಯಲ್ಲೊಂದು ತಗ್ಗಿದೆ. ನಿವೃತ್ತಿಯ ದಿನ ಎಲ್ಲರೂ ಹಾರ ಹೊತ್ತು ಮನೆಗೆ ಬಂದರೆ ಇವರು ಪಾತ್ರೆ ಹೊತ್ತು ಬಂದರು. ಅಂದಿನಿಂದ ಮೂವರ ಅಡುಗೆ ಅದರಲ್ಲೇ. ಅವರು ಹೋದ ಮೇಲೆ ಇಬ್ಬರ ಅಡುಗೆಯೂ ಅದರಲ್ಲೇ, ಆ ಪಾತ್ರೆಯ ತಳದಲ್ಲಿ ಅಂಗೈಯಷ್ಟು. ಚಿಕ್ಕ ಪಾತ್ರೆಗಳು ಕಪಾಟಿನಲ್ಲಿವೆ. ಅವುಗಳ ವಿಷಯ ನಾವು ಮಾತಾಡುವುದಿಲ್ಲ.

ಮಾತಾಡುತ್ತಿದ್ದದ್ದು ಇಂಥದ್ದು:

"ಅತ್ತಿಗೆ, ಈ ಪಾತ್ರೆ ಕೊಳೆಯೋಕೆ ಇಟ್ಟಿದ್ದೀರಾ?"

"ನೆನೆಯೋಕೆ ಇಟ್ಟಿದ್ದೀನಿ."

"ಬೆಳಗ್ಗೆಯಿಂದ ನೆನೀತಿದೆ. ಇನ್ನೇನು ಮೊಳಕೆ ಬರುತ್ತೆ."

"ನೀನು ನಲ್ಲಿ ಬಿಟ್ಕೊಂಡು ತೊಳೆಯೋ ನೀರಲ್ಲಿ ಒಂದು ಕೆರೆ ತುಂಬುತ್ತೆ."

"ತುಂಬಲಿ ಬಿಡಿ. ಕೆರೆಯಲ್ಲಾದ್ರೂ ಮೀನಿರುತ್ತೆ. ನಿಮ್ಮ ಸಿಂಕಲ್ಲಿ ಏನೇನಿದೆ ಅಂತ ನನಗೆ ಗೊತ್ತು, ಹೆಸರು ಸಮೇತ."

ಹೀಗಿರುವಾಗ ಒಂದು ದಿನ ಹಳೆಯ ಸಿಂಕಿನ ತಳ ತುಕ್ಕು ಹಿಡಿದು ತೂತಾಯಿತು. ಕೆಳಗಿನ ಕಪಾಟಿನಲ್ಲಿದ್ದ ಹಿಟ್ಟು, ಬೇಳೆ, ಸಕ್ಕರೆ ಎಲ್ಲ ಒಂದಾಗಿ ಹೊಸ ಸಂಯುಕ್ತವೊಂದು ತಯಾರಾಯಿತು. ನಾದಿನಿ ಬಗ್ಗಿ ನೋಡಿ, ವಾರ್ಡಿನಲ್ಲಿ ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ನೆನೆದೂ ನೆನೆದೂ ಹೋಯ್ತು" ಎಂದಳು. ಅದೇ ದನಿಯಲ್ಲಿ ಇನ್ನೊಂದು ಮಾತೂ ಹೇಳಿದಳು.

"ನಿವೃತ್ತ ನರ್ಸುಗಳ ಹಾಸ್ಟೆಲಲ್ಲಿ ಒಂದು ಕೋಣೆ ಖಾಲಿಯಾಗಿದೆಯಂತೆ." (ಅಂಥ ಕಡೆ ಕೋಣೆ ಹೇಗೆ ಖಾಲಿಯಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.) "ತಿಂಗಳ ಕೊನೆಯೊಳಗೆ ಹೇಳಿ ಅಂದಿದ್ದಾರೆ."

"ಹೋಗ್ತೀಯಾ?"

"ನೋಡೋಣ. ನೀವು ಮೊದಲು ಸಿಂಕು ಹಾಕಿಸಿ. ಒಂದೇ ತೊಟ್ಟಿಯದು ಸಾಕು. ಒಬ್ಬರಿಗೆ ಎರಡು ಯಾಕೆ?"

ಬೇಡುವುದು ನನಗೆ ಅಭ್ಯಾಸವಿಲ್ಲ. ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಕೊಡಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದ್ದುಂಟು; ಮನುಷ್ಯರನ್ನು ಕೇಳಿದ್ದಿಲ್ಲ. "ಇರು" ಎಂಬುದು ಎರಡೇ ಅಕ್ಷರದ ಮಾತು. ನನ್ನ ಗಂಟಲಲ್ಲಿ ಅದು ಬಿಸಿತುಪ್ಪವಾಯಿತು. ಅದರ ಬದಲು ನನಗೊಂದು ಘನವಾದ ಉಪಾಯ ಹೊಳೆಯಿತು: ಎರಡು ತೊಟ್ಟಿಯ ಸಿಂಕು. ಎಡ ನನ್ನದು, ಬಲ ಅವಳದು, ನಡುವೆ ಉಕ್ಕಿನ ಗೋಡೆ. ಎಡಗಡೆ ನಾನು ಪ್ರಳಯದವರೆಗೂ ನೆನೆಹಾಕಬಹುದು. ಬಲಗಡೆ ಅವಳು ನದಿಯನ್ನೇ ಹರಿಸಬಹುದು. ಗಂಡ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಒಂದು ತಗಡು ಮಾಡುತ್ತದೆ. ಜಗಳವೇ ಇಲ್ಲದ ಮೇಲೆ ಹೋಗುವ ಮಾತೆಲ್ಲಿ?

ಅಂಗಡಿಗೆ ಇಬ್ಬರೂ ಹೋದೆವು. ಗೋಡೆಯುದ್ದಕ್ಕೂ ಸಿಂಕುಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಮಾರಾಟಗಾರ ಕೈ ಉಜ್ಜಿಕೊಳ್ಳುತ್ತಾ ಬಂದ.

"ಮನೇಲಿ ಎಷ್ಟು ಜನ ಮೇಡಂ?"

"ಇಬ್ಬರು," ಎಂದೆ ನಾನು.

"ಒಬ್ಬರು," ಎಂದಳು ನಾದಿನಿ.

ಅವನು ನಮ್ಮಿಬ್ಬರನ್ನೂ ನೋಡಿದ, ಇವರಲ್ಲಿ ದೆವ್ವ ಯಾರು ಎಂದು ತಿಳಿಯದವನ ಹಾಗೆ. ಆಮೇಲೆ ಎರಡು ಬಗೆಯನ್ನೂ ಹೊಗಳಿದ. "ಸಿಂಗಲ್ ಆದ್ರೆ ಎಷ್ಟು ದೊಡ್ಡ ಪಾತ್ರೆನಾದ್ರೂ ಮಲಗಿಸಿ ತೊಳೀಬಹುದು ಮೇಡಂ. ಡಬಲ್ ಆದ್ರೆ ಒಂದರಲ್ಲಿ ಉಜ್ಜಿ ಇನ್ನೊಂದರಲ್ಲಿ ಜಾಲಿಸಬಹುದು. ನೋಡೋಕೂ ಚೆಂದ."

ನಾನು ಅವನನ್ನು ತಡೆದು, ಕೊಳೆ ನೀರೂ ಶುದ್ಧ ನೀರೂ ಬೇರೆ ಬೇರೆ ಇರಬೇಕಾದ ಅಗತ್ಯ, ಜಿಡ್ಡಿನ ಸ್ವಭಾವ, ಉಷ್ಣಾಂಶದ ಪರಿಣಾಮ ಇತ್ಯಾದಿಗಳನ್ನು ವಿವರಿಸಿದೆ. ಅವನು ವಿನಯದಿಂದ ಆಕಳಿಸಿದ. ಅಷ್ಟರಲ್ಲಿ ನಾದಿನಿ ಎರಡು ತೊಟ್ಟಿಯ ಸಿಂಕಿನ ಒಂದು ತೊಟ್ಟಿಗೆ ಅಡ್ಡಲಾಗಿ ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು ಹಾಕಿದಳು. ಇನ್ನೊಂದು ಸಲ ಹಾಕಿದಳು. ಆಮೇಲೆ ಕೈ ಮಡಚಿಕೊಂಡು ಸುಮ್ಮನೆ ನಿಂತಳು. ಉಕ್ಕಿನ ನುಣುಪು ನೋಡುತ್ತಿದ್ದಾಳೆ ಎಂದುಕೊಂಡೆ.

"ಡಬಲ್," ಎಂದೆ.

"ನಿಮ್ಮಿಷ್ಟ ಅತ್ತಿಗೆ."

ಅವಳು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. 'ನಿಮ್ಮಿಷ್ಟ' ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಷ್ಟು ಓದಿದವಳಿಗೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಜಂಬ.

ಪ್ಲಂಬರ್ ಬಂದ. ಕಟ್ಟೆಯ ಕಲ್ಲು ಕೊಯ್ದು ಮನೆ ತುಂಬ ಬಿಳಿ ಪುಡಿ ಹಾರಿಸಿ, ಸಿಂಕು ಕೂರಿಸಿ, ನಲ್ಲಿ ತಿರುಗಿಸಿದ. ನೀರು ಎಡಕ್ಕೂ ಬಂತು, ಬಲಕ್ಕೂ ಬಂತು. ನಾನು ಒಂದು ಪುಟ್ಟ ಉದ್ಘಾಟನಾ ಭಾಷಣವನ್ನು ಮನಸ್ಸಿನಲ್ಲೇ ಮುಗಿಸಿ, ಕ್ಯಾಂಪಿನ ಪಾತ್ರೆಯನ್ನು ತಂದು ನನ್ನ ತೊಟ್ಟಿಯೊಳಗೆ ಇಳಿಸಿದೆ.

ಇಳಿಯಲಿಲ್ಲ.

ಓರೆ ಮಾಡಿದೆ, ಕಿವಿ ತಗುಲಿತು. ತಿರುಗಿಸಿದೆ, ಇನ್ನೊಂದು ಕಿವಿ ತಗುಲಿತು. ಮಾನ ಬಿಟ್ಟು ಅವಳ ತೊಟ್ಟಿಯಲ್ಲೂ ಪ್ರಯತ್ನಿಸಿದೆ. ಎರಡು ತೊಟ್ಟಿಗಳಲ್ಲೂ ಕಿಂಚಿತ್ತೂ ಪಕ್ಷಪಾತವಿರಲಿಲ್ಲ. ಕೊನೆಗೆ ಪಾತ್ರೆ ನಡುವಿನ ಗೋಡೆಯ ಮೇಲೆ ಹತ್ತಿ, ಅರ್ಧ ಅತ್ತ ಅರ್ಧ ಇತ್ತ ತಕ್ಕಡಿಯ ಹಾಗೆ ತೂಗುತ್ತಾ ಕೂತಿತು. ಭೂಮಾಪಕರ ಹೆಂಡತಿ ಎಲ್ಲವನ್ನೂ ಯೋಚಿಸಿದ್ದಳು, ಪಾತ್ರೆ ಅಳೆಯುವುದೊಂದನ್ನು ಬಿಟ್ಟು.

ಪ್ಲಂಬರ್ ನಕ್ಕ. "ಅಲ್ಲಮ್ಮಾ, ಇಬ್ಬರಿಗೆ ಇಷ್ಟು ದೊಡ್ಡ ಪಾತ್ರೆ ಯಾಕೆ? ಒಂದು ಚಿಕ್ಕದು ಇಟ್ಕೊಳ್ಳಿ, ಇದನ್ನ ಗುಜರಿಗೆ ಹಾಕಿ."

"ನಿನ್ನ ಕೆಲಸ ಮುಗೀತಲ್ಲ?"

ಹೇಳಿದ್ದು ಇಬ್ಬರೂ, ಒಂದೇ ಉಸಿರಿಗೆ. ಆ ಸಾವಿನ ನಂತರ ನಾವು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಅವನು ಸ್ಪ್ಯಾನರು ಎತ್ತಿಕೊಂಡು ಬಾಗಿಲು ಹುಡುಕಿದ.

ನಾದಿನಿ ಮೊಣಕೈವರೆಗೆ ತೋಳು ಮಡಚಿದಳು. "ಹಿಡೀರಿ."

"ಏನು?"

"ಪಾತ್ರೆ. ಎರಡೂ ಕಿವಿ ಹಿಡೀರಿ. ನಿಮ್ಮ ಕಡೆ ಬಗ್ಗಿಸಿ. ಅಷ್ಟಲ್ಲ, ಸ್ವಲ್ಪ. ಈಗ ಅಲ್ಲಾಡಬೇಡಿ. ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹಿಡಿಯೋದು ಕಲಿಸಿದ್ದೀನಿ, ನಿಮಗೆ ಬರಲ್ವಾ?"

"ಅಂಗಡಿಯಲ್ಲೇ ಗೊತ್ತಿತ್ತಾ ನಿನಗೆ?"

"ಗೇಣು ಹಾಕಿ ನೋಡಿದ್ನಲ್ಲ."

"ಹೇಳೋಕೇನಾಗಿತ್ತು?"

"ನೀವು ಭಾಷಣ ಮಾಡ್ತಿದ್ರಿ. ದೊಡ್ಡವರ ಮಾತಿಗೆ ಮಧ್ಯೆ ಬಾಯಿ ಹಾಕಬಾರದು."

ಅವಳು ಉಜ್ಜತೊಡಗಿದಳು. ನಾನು ಕೇಳಿದೆ, "ಆ ಹಾಸ್ಟೆಲಿನ ಕೋಣೆ?"

"ಬೇರೆಯವರಿಗೆ ಕೊಡಿ ಅಂದೆ."

"ಯಾವಾಗ?"

"ಅಂಗಡಿಯಿಂದ ಬಂದ ದಿನಾನೇ. ಇದನ್ನ ನೀವೊಬ್ಬರೇ ತೊಳೆಯೋದು ಹೇಗೆ? ಕೆಳಗೆ ನೋಡಿ, ಜಾರ್ತಿದೆ."

ಇದಕ್ಕೆ ನಾನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ ತಿಳಿಯದು. ಬೇರೆ ಬೇರೆ ನಿಲ್ಲಲೆಂದು ತಂದ ಸಿಂಕಿನ ಮುಂದೆ ದಿನವೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಅವಳು ಉಜ್ಜುತ್ತಾಳೆ, ಡಾಕ್ಟರೇಟ್ ಪಡೆದ ನಾನು ಪಾತ್ರೆಯ ಕಿವಿ ಹಿಡಿಯುತ್ತೇನೆ. ನೆನೆಹಾಕುವ ಪದ್ಧತಿ ನಿಂತೇಹೋಯಿತು. ಗಡಿಯ ಮೇಲೆ ತೂಗುವ ಪಾತ್ರೆಯಲ್ಲಿ ನೀರು ನಿಲ್ಲುವುದಿಲ್ಲ. ಕಟ್ಟೆಯ ಮೇಲೆ ತುಂಬಿಸಿಟ್ಟರೆ ಆ ಭಾರ ಎತ್ತಿ ಚೆಲ್ಲಲು ಮತ್ತೆ ಅವಳನ್ನೇ ಕರೆಯಬೇಕು. ಎಡಗಡೆಯ ನನ್ನ ಸಾಮ್ರಾಜ್ಯದಲ್ಲಿ ಈಗ ಒಂದು ಒದ್ದೆ ಸ್ಪಂಜು ವಾಸವಾಗಿದೆ.

ಮೊನ್ನೆ ಹೀಗೇ ಹಿಡಿದುಕೊಂಡು ನಿಂತಿದ್ದಾಗ ಕೇಳಿದೆ. "ನಮ್ಮಲ್ಲಿ ಒಬ್ಬಳು ಹೋದ ಮೇಲೆ ಇದನ್ನ ತೊಳೆಯೋದು ಹೇಗೆ?"

"ನೀವು ಮೊದಲು ಹೋದ್ರೆ," ಎಂದಳು, ಕೈ ನಿಲ್ಲಿಸದೆ, "ಮಾರನೇ ದಿನಾನೇ ಈ ದರಿದ್ರ ಡಬಲನ್ನ ಕಿತ್ತು ಹಾಕಿಸಿ ಸಿಂಗಲ್ ತರಿಸ್ತೀನಿ."

"ನೀನು ಮೊದಲು ಹೋದ್ರೆ?"

ಉಜ್ಜುವ ಕೈ ನಿಂತಿತು. (ಕಲೆ ಹೋಯಿತೋ ಇಲ್ಲವೋ ನೋಡಲಿಕ್ಕಿರಬೇಕು.)

"ನೆನೆಹಾಕಿ," ಎಂದಳು. "ಎಷ್ಟು ದಿನ ಬೇಕಾದ್ರೂ. ಯಾರೂ ಚೆಲ್ಲಲ್ಲ."

ಇಷ್ಟು ವರ್ಷ ವಾದಿಸಿದರೂ ಸಿಗದ ಅನುಮತಿ ಸಿಕ್ಕಿತು. ಸಿಕ್ಕ ಕೂಡಲೇ ನನ್ನ ಹಿಡಿತ ಸಡಿಲವಾಗಿ, ಪಾತ್ರೆ ನನ್ನ ಕಡೆಗೇ ಮಗುಚಿ, ಅದರಲ್ಲಿದ್ದ ಕೊಳೆ ನೀರೆಲ್ಲ ಕುತ್ತಿಗೆಯಿಂದ ಪಾದದವರೆಗೆ ನನ್ನ ಮೇಲೆ ಸುರಿಯಿತು.

ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾನಿನ್ನೂ ಇದ್ದೀನಿ ಅತ್ತಿಗೆ. ಇಷ್ಟು ಅವಸರ ಯಾಕೆ? ಹಿಡೀರಿ ಸರಿಯಾಗಿ."

ಹಿಡಿದೆ.